ನಿಮಗಿದು ಗೊತ್ತೇ?: ಫ್ಲ್ಯಾಟಿಗೆ ಯಾವ ನಾಯಿ?

● ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಗ್ರೇಹೌಂಡ್ ಮನೆಯೊಳಗೆ ಅಪ್ಪಟ ಸೋಮಾರಿ ಎಂಬುದು ನಿಮಗೆ ಗೊತ್ತೇ? ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್‌ಗಳನ್ನು ಅಮೆರಿಕ, ಬ್ರಿಟನ್‌ಗಳಲ್ಲಿ ಜನ ನಿಶ್ಚಿಂತೆಯಿಂದ ಫ್ಲ್ಯಾಟಿಗೇ ಕರೆದೊಯ್ಯುತ್ತಾರೆ. ದಿನಕ್ಕೆರಡು ಸಲ ಸುತ್ತಾಡಿಸಿ, ಬೇಲಿ ಇರುವ ಕಡೆ ಆಗೀಗ ನಾಲ್ಕು ಸುತ್ತು ಓಡಲು ಬಿಟ್ಟರೆ ಆಯಿತು. ಮಿಕ್ಕ ಹೊತ್ತಿನಲ್ಲಿ ಅದಕ್ಕೆ ಬೇಕಿರುವುದು ಮೆತ್ತಗಿನ ಒಂದು ಹಾಸಿಗೆ.

● ಜ್ಯಾಕ್ ರಸೆಲ್ ಟೆರಿಯರ್ ಇದಕ್ಕೆ ತದ್ವಿರುದ್ಧ. ತೂಕ ಆರೇಳು ಕಿಲೋ, ಕಂಕುಳಲ್ಲಿ ಎತ್ತಿಕೊಂಡು ಹೋಗಬಹುದು. ಆದರೆ 19ನೇ ಶತಮಾನದಲ್ಲಿ ಇಂಗ್ಲೆಂಡಿನ ಪಾದ್ರಿ ಜಾನ್ ರಸೆಲ್ ಈ ತಳಿಯನ್ನು ಬೆಳೆಸಿದ್ದು ನರಿಬೇಟೆಗೆ. ಕುದುರೆಗಳ ಜೊತೆ ಓಡಬೇಕು, ಬಿಲಕ್ಕೆ ನುಗ್ಗಿ ನರಿಯನ್ನು ಹೊರಗಟ್ಟಬೇಕು. ಆ ಕಸುವು ಇನ್ನೂ ಇಳಿದಿಲ್ಲ. ನರಿ ಸಿಗದಿದ್ದರೆ ಸೋಫಾದ ಕುಶನ್ ಇದ್ದೇ ಇದೆ! ಮನೆ ಸಣ್ಣದು, ಆದ್ದರಿಂದ ನಾಯಿಯೂ ಸಣ್ಣದಿರಲಿ ಎಂಬ ಲೆಕ್ಕ ಇಲ್ಲಿಗೇ ಕೈಕೊಡುತ್ತದೆ. ಬಿಲ್ಡರ್ ಬರೆದುಕೊಟ್ಟ ಚದರಡಿಯನ್ನು ಪಕ್ಕಕ್ಕಿಡಿ. ಬೆಳಿಗ್ಗೆ ಆರಕ್ಕೆ ಯಾರು ಎದ್ದು ಹೊರಗೆ ಕರೆದೊಯ್ಯುತ್ತಾರೆ, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ, ರಾತ್ರಿ ಹತ್ತಕ್ಕೆ ಕೆಳಗಿಳಿಯುವ ವ್ಯವಧಾನ ಯಾರಿಗಿದೆ? ಅಳೆಯಬೇಕಾದದ್ದು ಇದನ್ನು.

● ಗ್ರೇಟ್ ಡೇನ್ ಡೆನ್ಮಾರ್ಕಿನದಲ್ಲ, ಜರ್ಮನಿಯಲ್ಲಿ ರೂಪುಗೊಂಡ ತಳಿ. ಅಮೆರಿಕದ ಮಿಷಿಗನ್‌ನಲ್ಲಿದ್ದ ಜೀಯಸ್ ಎಂಬ ಗ್ರೇಟ್ ಡೇನ್ 111.8 ಸೆಂಟಿಮೀಟರ್ ಎತ್ತರ ಬೆಳೆದು ಗಿನ್ನೆಸ್ ದಾಖಲೆ ಸೇರಿತ್ತು. ಇಷ್ಟು ದೊಡ್ಡ ಪ್ರಾಣಿ ಮನೆಯೊಳಗೆ ಮಾತ್ರ ಗಂಭೀರ, ನಿಧಾನಿ. ಎಷ್ಟೋ ಸಣ್ಣ ನಾಯಿಗಳಿಗಿಂತ ಕಡಿಮೆ ಗಲಾಟೆ. ಹಾಗೆಂದು ಕಣ್ಣು ಮುಚ್ಚಿ ತರಬೇಡಿ. ಇದರ ಆಯಸ್ಸು ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ. ಕೊನೆಗಾಲದಲ್ಲಿ ಹಿಂಗಾಲು ಸೋತರೆ, ಅದೇ ದಿನ ಲಿಫ್ಟೂ ಕೆಟ್ಟರೆ, 60 ಕಿಲೋದ ನಾಯಿಯನ್ನು ಎಂಟನೇ ಮಹಡಿಯಿಂದ ಇಳಿಸುವವರು ಯಾರು? ಈ ಪ್ರಶ್ನೆ ಮರಿ ಕೊಳ್ಳುವಾಗ ಯಾರ ತಲೆಗೂ ಹೊಳೆಯುವುದಿಲ್ಲ.

● 1,022 ಆಟಿಕೆಗಳ ಹೆಸರನ್ನು ಬಾಯಿಪಾಠ ಮಾಡಿದ್ದ ನಾಯಿಯೊಂದಿತ್ತು. ಹೆಸರು ಚೇಸರ್, ತಳಿ ಬಾರ್ಡರ್ ಕೋಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ ಅದಕ್ಕೆ ವರ್ಷಗಟ್ಟಲೆ, ದಿನಕ್ಕೆ ಗಂಟೆಗಟ್ಟಲೆ ಪಾಠ ಹೇಳಿದ್ದರು. ಇಂಥ ಮಿದುಳನ್ನು ಎರಡು ಬೆಡ್‌ರೂಮಿನ ಮನೆಯಲ್ಲಿ ಕೂಡಿಹಾಕಿ ಎಲ್ಲರೂ ಆಫೀಸಿಗೆ ಹೋದರೆ ಅದು ತನ್ನ ಕೆಲಸವನ್ನು ತಾನೇ ಹುಡುಕಿಕೊಳ್ಳುತ್ತದೆ: ತನ್ನ ಬಾಲದ ಹಿಂದೆ ತಾನೇ ಸುತ್ತುವುದು, ಗೋಡೆಯ ಮೇಲಿನ ನೆರಳು ಹಿಡಿಯುವುದು, ಮನೆಗೆ ಬಂದ ಮಕ್ಕಳ ಹಿಂಡನ್ನು ಕುರಿಗಳಂತೆ ಮೂಲೆಗೆ ಅಟ್ಟುವುದು. ಜಾಣ ನಾಯಿ ಬೇಕು ಎನ್ನುವವರು ಇದನ್ನು ಒಮ್ಮೆ ಯೋಚಿಸಲಿ.

● ನಮ್ಮದೇ ಮುಧೋಳ ನಾಯಿ ಅಂಚೆಚೀಟಿ ಏರಿರುವುದು ಗೊತ್ತೇ? 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಸಿ ತಳಿಗಳ ಚೀಟಿಗಳಲ್ಲಿ ಮುಧೋಳವೂ ಒಂದು. ಮಿಕ್ಕವು ರಾಜಪಾಳಯಂ, ರಾಂಪುರ ಹೌಂಡ್ ಮತ್ತು ಹಿಮಾಲಯದ ಕುರಿನಾಯಿ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಈ ಬೇಟೆನಾಯಿಯ ಸಂಶೋಧನಾ ಕೇಂದ್ರ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿದೆ. 2016ರಲ್ಲಿ ಇದರ ಮರಿಗಳನ್ನು ಭಾರತೀಯ ಸೇನೆ ಮೀರತ್‌ನ ತನ್ನ ಶ್ವಾನ ತರಬೇತಿ ಕೇಂದ್ರಕ್ಕೆ ಒಯ್ದಿತು. ಅದಾದ ಮೇಲೆ ಬೆಂಗಳೂರಿನ ಫ್ಲ್ಯಾಟ್‌ಗಳಲ್ಲೂ ಇದರ ಮೇಲೆ ಆಸೆ ಹುಟ್ಟಿದೆ.

ಸಾಕಬಹುದೇ? ಸಾಕಬಹುದು, ಷರತ್ತಿನ ಮೇಲೆ. ಎತ್ತರ ಎರಡಡಿ ದಾಟಿದರೂ ಮೈ ತೆಳು. ಗಿಡ್ಡ ಕೂದಲು, ನಮ್ಮ ಬಿಸಿಲಿಗೆ ಹೊಂದಿದ ದೇಹ. ಗ್ರೇಹೌಂಡಿನ ಹಾಗೆಯೇ ಇದೂ ಮನೆಯೊಳಗೆ ಸುಮ್ಮನಿರಬಲ್ಲದು. ತೊಂದರೆ ಇರುವುದು ಕಣ್ಣಿನಲ್ಲಿ. ಇದು ನೋಟದಿಂದ ಬೇಟೆಯಾಡುವ ನಾಯಿ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಬೆಕ್ಕೊಂದು ಓಡಿದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದೇ ಇಲ್ಲ, ಬೆಲ್ಟು ಹಿಡಿದವರ ಭುಜ ಕಳಚಿ ಬರುವುದೊಂದು ಬಾಕಿ. ಮೇಲಾಗಿ ಅಪರಿಚಿತರೆಂದರೆ ಇದಕ್ಕೆ ಅಷ್ಟಕ್ಕಷ್ಟೇ. ದಿನಕ್ಕೆ ಹತ್ತಾರು ಡೆಲಿವರಿ ಹುಡುಗರು ಬಂದುಹೋಗುವ ಕಾರಿಡಾರಿಗೆ ಒಗ್ಗಿಸಬೇಕಾದರೆ ಚಿಕ್ಕಂದಿನಿಂದಲೇ ಶುರುಮಾಡಬೇಕು.

ಬೇಟೆನಾಯಿಯ ಮಾತು ಬಂತಲ್ಲ, ಮದ್ದೂರು ಬಳಿಯ ಆತಕೂರಿನ 10ನೇ ಶತಮಾನದ ವೀರಗಲ್ಲು ಕಾಡುಹಂದಿಯೊಂದಿಗೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

● ತಳಿ ಗೊತ್ತಾದರೆ ಸ್ವಭಾವ ಗೊತ್ತಾದಂತೆಯೇ? ಇಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, 18 ಸಾವಿರಕ್ಕೂ ಹೆಚ್ಚು ನಾಯಿಗಳ ಸಮೀಕ್ಷೆ ಆಧರಿಸಿದ ಅಧ್ಯಯನದ ಪ್ರಕಾರ ನಾಯಿ ನಾಯಿಗಳ ನಡುವಣ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಒಂದೇ ಸೂಲಿನ ಎರಡು ಮರಿಗಳಲ್ಲಿ ಒಂದು ಪುಕ್ಕಲಾಗಬಹುದು, ಇನ್ನೊಂದು ಪುಂಡಾಗಬಹುದು. ಆದ್ದರಿಂದ ಇಲ್ಲಿ ತಳಿಗಳ ಬಗ್ಗೆ ಹೇಳುವುದನ್ನೆಲ್ಲ ಒಂದು ಅಂದಾಜು ಎಂದಷ್ಟೇ ಓದಿಕೊಳ್ಳಿ. ಎದುರಿಗಿರುವ ಮರಿಯನ್ನು, ಸಾಧ್ಯವಾದರೆ ಅದರ ತಾಯಿಯನ್ನು ನೋಡಿ ತೀರ್ಮಾನಿಸಿ. ತಾಯಿಯನ್ನು ತೋರಿಸಲು ಒಪ್ಪದ ಬ್ರೀಡರ್ ಬಳಿ ಕೊಳ್ಳಲೇಬೇಡಿ.

● ಬೊಗಳದ ನಾಯಿಯೂ ಇದೆ! ಮಧ್ಯ ಆಫ್ರಿಕಾದ ಕಾಂಗೋ ಮೂಲದ ಬಸೆಂಜಿಯ ಧ್ವನಿಪೆಟ್ಟಿಗೆಯ ರಚನೆಯೇ ಬೇರೆ; ಬೊಗಳುವ ಬದಲು ಅದು ರಾಗ ಎಳೆಯುತ್ತದೆ. ಹೆಚ್ಚಿನ ನಾಯಿಗಳು ವರ್ಷಕ್ಕೆ ಎರಡು ಸಲ ಬೆದೆಗೆ ಬಂದರೆ ಇದು ಒಂದೇ ಸಲ. ಅಪಾರ್ಟ್‌ಮೆಂಟಿಗೆ ಹೇಳಿ ಮಾಡಿಸಿದ್ದು ಎಂದು ಹಿಗ್ಗುವ ಮುನ್ನ ಇನ್ನೊಂದು ಮಾತು: ಬಸೆಂಜಿ ಮಹಾ ಚುರುಕು, ಬೇಸರವಾದರೆ ಕೈಗೆ ಸಿಕ್ಕಿದ್ದನ್ನೆಲ್ಲ ಕಡಿದು ಗುಡ್ಡೆ ಹಾಕುತ್ತದೆ. ನೆರೆಯವರು ನೆಮ್ಮದಿಯಾಗಿರುತ್ತಾರೆ, ಅಷ್ಟೇ.

● ಅತಿ ಜೋರಾದ ಒಂಟಿ ಬೊಗಳಿನ ಗಿನ್ನೆಸ್ ದಾಖಲೆ 113.1 ಡೆಸಿಬಲ್. 2012ರಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ಮಾಡಿದ್ದು ಯಾವ ಉಗ್ರ ಕಾವಲುನಾಯಿಯೂ ಅಲ್ಲ, ಸಾಧು ಎಂದೇ ಹೆಸರಾದ ಗೋಲ್ಡನ್ ರಿಟ್ರೀವರ್.

● ಬೀಗಲ್ ನೋಡಲು ಮುದ್ದು, ಗಾತ್ರ ಹಿತಮಿತ, ಮಕ್ಕಳೊಂದಿಗೆ ಒಳ್ಳೆಯ ಹೊಂದಾಣಿಕೆ. ಎಲ್ಲ ಸರಿ. ಆದರೆ ಗುಂಪಿನಲ್ಲಿ ಮೊಲ ಬೇಟೆಯಾಡುತ್ತಿದ್ದ ನಾಯಿ ಇದು. ಪೊದೆಯ ಆಚೆಗಿರುವ ಬೇಟೆಗಾರನಿಗೆ ಸುದ್ದಿ ಮುಟ್ಟಿಸಲು ಉದ್ದನೆಯ ದನಿಯಲ್ಲಿ ಊಳಿಡುವುದೇ ಅದರ ಕಸುಬು. ಒಂಟಿಯಾಗಿ ಬಿಟ್ಟು ಹೋದರೆ ಅದೇ ದನಿ ಡಕ್ಟ್ ಮೂಲಕ ಮೇಲಿನ ಮೂರು, ಕೆಳಗಿನ ಮೂರು ಮಹಡಿ ತಲುಪುತ್ತದೆ. ಅಸೋಸಿಯೇಷನ್ನಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಧ್ಯಾಹ್ನ ಮೂರಕ್ಕೆ ನಿಮ್ಮ ಫ್ಲ್ಯಾಟ್ ನಂಬರ್ ಕಾಣಿಸಿಕೊಂಡಿತೆಂದರೆ ಕಾರಣ ಕೇಳಬೇಕಾಗಿಲ್ಲ.

● ನಾವು ಪಮೇರಿಯನ್ ಎಂದು ಕರೆಯುವ, ಬಿಳಿ ತುಪ್ಪಳದ, ಒಂದು ಕಾಲದಲ್ಲಿ ಮೈಸೂರು, ಬೆಂಗಳೂರಿನ ವಠಾರಗಳಲ್ಲೆಲ್ಲ ಇದ್ದ ನಾಯಿ ಬಹುಪಾಲು ಪಮೇರಿಯನ್ ಅಲ್ಲವೇ ಅಲ್ಲ. ಅದು ಇಂಡಿಯನ್ ಸ್ಪಿಟ್ಜ್. ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿ ಕೂಡ ಇದೇ ಜಾತಿ. ಅಸಲಿ ಪಮೇರಿಯನ್ ಮೂರು ಕಿಲೋ ಮುಟ್ಟಿದರೆ ಹೆಚ್ಚು. ನಮ್ಮ ಸ್ಪಿಟ್ಜ್ ಅದಕ್ಕಿಂತ ದೊಡ್ಡದು, ಗಟ್ಟಿಮುಟ್ಟು, ಅನ್ನ ಮೊಸರು ತಿಂದೂ ಹತ್ತು ಹನ್ನೆರಡು ವರ್ಷ ಬಾಳಿದ್ದನ್ನು ಎಷ್ಟೋ ಮನೆಗಳು ಕಂಡಿವೆ. ಗೇಟಿನ ಚಿಲಕ ಅಲುಗಿದರೆ ಇಡೀ ಬೀದಿಗೆ ತಿಳಿಸುತ್ತಿದ್ದ ಬಾಯಿ ಅದರದು. ಫ್ಲ್ಯಾಟಿನಲ್ಲಿ ಗೇಟಿಲ್ಲ, ಆದರೆ ಎದುರುಮನೆಯ ಬಾಗಿಲಿದೆ.

● ನಿಮ್ಮ ನಾಯಿ ಕಾರಣವಿಲ್ಲದೆ ಬೊಗಳುತ್ತದೆ ಎಂದುಕೊಂಡಿದ್ದೀರಾ? ಮನುಷ್ಯನ ಕಿವಿಗೆ 20 ಸಾವಿರ ಹರ್ಟ್ಜ್ ತನಕದ ಸದ್ದು ಕೇಳಿಸಿದರೆ ನಾಯಿಯ ಕಿವಿ 45 ಸಾವಿರದವರೆಗೂ ಹೋಗುತ್ತದೆ. ಅಪಾರ್ಟ್‌ಮೆಂಟಿನ ನಾಯಿಯೊಂದನ್ನು ಸಂಜೆ ಹೊತ್ತು ಗಮನಿಸಿ. ಲಿಫ್ಟಿನ ಮೋಟಾರು ಶುರುವಾದ ಕೂಡಲೇ ಒಂದು ಕಿವಿ ನೆಟ್ಟಗಾಗುತ್ತದೆ. ಲಿಫ್ಟ್ ಕೆಳಗಿನ ಮಹಡಿಯಲ್ಲಿ ನಿಂತರೆ ಕಿವಿ ಮತ್ತೆ ಕೆಳಗೆ. ನಿಮ್ಮ ಮಹಡಿಗೇ ಬಂದರೆ ಎದ್ದು ಬಾಗಿಲ ಸಂದಿಗೆ ಮೂಗು ಹಚ್ಚುತ್ತದೆ; ಚಪ್ಪಲಿಯ ಸದ್ದು ಮನೆಯವರದಾದರೆ ಬಾಲ, ಪರರದಾದರೆ ಬೊಗಳು. ಅದರ ಲೆಕ್ಕದಲ್ಲಿ ಕಾವಲು ಕೆಲಸ ಚೊಕ್ಕವಾಗಿ ನಡೆದಿದೆ. ಲಿಫ್ಟಿಗೆ ಅಂಟಿಕೊಂಡ ಫ್ಲ್ಯಾಟಿನವರು ಗಾಬರಿಯ ನಾಯಿ ತರದಿರುವುದು ವಾಸಿ.

● 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಹಿಂದೆಯೇ ನಡೆದ ಪಗ್ ನೆನಪಿದೆಯೇ? ಅದರ ಬೆನ್ನಿಗೇ ದೇಶದ ತುಂಬ ಪಗ್‌ಗೆ ಬೇಡಿಕೆ ಎದ್ದಿತು. ಗಾತ್ರ, ಸ್ವಭಾವ, ಸೋಮಾರಿತನ, ಮೂರರಲ್ಲೂ ಪಗ್ ಫ್ಲ್ಯಾಟಿಗೆ ನೂರಕ್ಕೆ ನೂರು. ಆದರೆ ಉಸಿರಾಟದಲ್ಲಿ ನಪಾಸು.

ನಾಯಿಗಳು ಮೈಯನ್ನು ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ನಾಲಿಗೆ, ಮೂಗು, ಗಂಟಲ ತೇವ ಆರುತ್ತ ಶಾಖವನ್ನು ಹೊರಹಾಕುತ್ತದೆ. ಪಗ್, ಬುಲ್‌ಡಾಗ್‌ಗಳ ಮೂತಿಯನ್ನು ಮನುಷ್ಯ ಒತ್ತಿ ಒತ್ತಿ ಚಪ್ಪಟೆ ಮಾಡಿದ. ಒಳಗಿನ ಮಾಂಸ ಮಾತ್ರ ಅಷ್ಟೇ ಉಳಿದು ಗಾಳಿಯ ದಾರಿ ಕಟ್ಟಿತು. ನಾಯಿಯ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ದಾಖಲಾದ ಬಿಸಿಲೂ 39.2 ಡಿಗ್ರಿಯೇ. ಹೊರಗಿನ ಗಾಳಿಯೂ ಮೈಯೂ ಒಂದೇ ಬಿಸಿಯಾದಾಗ ಶಾಖ ಕಳೆಯಲು ಉಳಿಯುವ ದಾರಿ ಏದುಸಿರೊಂದೇ. ಪಗ್‌ಗೆ ಅದೂ ಅರೆಬರೆ. ಪಶ್ಚಿಮಕ್ಕೆ ಮುಖ ಮಾಡಿದ, ಗಾಜಿನ ಕಿಟಕಿಗಳ, ಮಧ್ಯಾಹ್ನ ಮುಚ್ಚಿಟ್ಟ ಫ್ಲ್ಯಾಟಿನಲ್ಲಿ ಇದು ಪ್ರಾಣಕ್ಕೇ ಬರಬಹುದು.

ಕೊಳ್ಳಲೇಬೇಕು ಎಂಬ ಹಟವಿದ್ದರೆ ಮರಿಯ ಮೂಗನ್ನು ಹತ್ತಿರದಿಂದ ನೋಡಿ. ಹೊಳ್ಳೆಗಳು ತೆರೆದಿವೆಯೋ ಅಥವಾ ಉಗುರಲ್ಲಿ ಗೀರಿದಂಥ ಬರೀ ಸೀಳುಗಳೋ? ಎರಡು ನಿಮಿಷ ಆಡಿಸಿ, ಆಮೇಲೆ ಸುಮ್ಮನೆ ಕೂತಾಗ ಕಿವಿಗೊಡಿ. ಗೊರ್ ಗೊರ್ ಸದ್ದು ನಿಲ್ಲದಿದ್ದರೆ ಅದನ್ನು ‘ಕ್ಯೂಟ್’ ಎನ್ನಬೇಡಿ, ಅದು ಕಾಯಿಲೆ. ಮೈಯಲ್ಲೇ ಕಾಯಿಲೆ ಹೊತ್ತ ತಳಿ ಪಗ್ ಒಂದೇ ಅಲ್ಲ: ನಾರ್ವೆಯಲ್ಲಿ ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯ ಸಂತಾನ ಬೆಳೆಸುವುದೇ ಪ್ರಾಣಿಹಿಂಸೆ ಎಂಬ ವಾದ 2022ರಲ್ಲಿ ಓಸ್ಲೋ ಜಿಲ್ಲಾ ನ್ಯಾಯಾಲಯದಲ್ಲಿ ಗೆದ್ದು, ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು.

● ಹಸ್ಕಿ? ಬೇಡ. ಸೈಬೀರಿಯಾದ ಚುಕ್ಚಿ ಜನ ಹಿಮಗಾಡಿ ಎಳೆಸಲು ಬೆಳೆಸಿದ ನಾಯಿ. 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಗಂಟಲಮಾರಿಯ ಔಷಧಿಯನ್ನು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಹಿಮದ ಹಾದಿಯಲ್ಲಿ ಮುಟ್ಟಿಸಿದ ತಂಡಗಳ ಮುಂದಾಳುಗಳಾದ ಟೋಗೋ, ಬಾಲ್ಟೋ ಇವೇ ಹಸ್ಕಿಗಳು. ಅದಕ್ಕೆ ಎಸಿ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಓಡಲು ಸಾವಿರ ಕಿಲೋಮೀಟರ್ ಹಾದಿಯನ್ನು ಯಾವ ಕಂಪನಿ ಮಾರುತ್ತದೆ?

● ಲ್ಯಾಬ್ರಡಾರ್‌ಗೆ ಹೊಟ್ಟೆ ತುಂಬುವುದೇ ಇಲ್ಲ ಎಂದು ಸಾಕಿದವರೆಲ್ಲ ಹೇಳುತ್ತಾರೆ. ಅದು ಬರೀ ದುರಾಸೆಯಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಕಂಡುಕೊಂಡಂತೆ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಲ್ಯಾಬ್‌ನಲ್ಲಿ ‘ಪಾಮ್‌ಸಿ’ ಎಂಬ ಜೀನಿನ ಒಂದು ತುಣುಕು ಬಿಟ್ಟುಹೋಗಿದೆ. ‘ಸಾಕು’ ಎನ್ನುವ ಸಂದೇಶ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಅದೇ ತಂಡ 2024ರಲ್ಲಿ ಇನ್ನೊಂದನ್ನೂ ಹೇಳಿತು: ಇಂಥ ನಾಯಿಗಳು ವಿಶ್ರಾಂತಿಯಲ್ಲಿರುವಾಗ ಬೇರೆಯವಕ್ಕಿಂತ ಕಾಲುಭಾಗದಷ್ಟು ಕಡಿಮೆ ಶಕ್ತಿ ಖರ್ಚು ಮಾಡುತ್ತವೆ. ಹಸಿವು ಹೆಚ್ಚು, ಖರ್ಚು ಕಡಿಮೆ. ಜೊತೆಗೆ ಫ್ಲ್ಯಾಟ್, ಅಜ್ಜಿಯ ಕೈಯಿಂದ ಮಧ್ಯೆ ಮಧ್ಯೆ ಬಿಸ್ಕತ್ತು, ಸಂಜೆ ಪಾರ್ಕಿಂಗಿನಲ್ಲೊಂದು ಸುತ್ತು. ಮೂರೇ ವರ್ಷಕ್ಕೆ ಸೊಂಟ ಎಲ್ಲಿದೆಯೆಂದು ಹುಡುಕಬೇಕು. ದಿನಕ್ಕೆ ಒಂದೂವರೆ ಗಂಟೆ ತಿರುಗಾಡಿಸುವವರಿಗೆ ಲ್ಯಾಬ್‌ನಂಥ ಸ್ನೇಹಜೀವಿ ಇನ್ನೊಂದಿಲ್ಲ. ಮಿಕ್ಕವರು ಕೈಬಿಡಿ.

● 2022ರ ‘777 ಚಾರ್ಲಿ’ ನೋಡಿ ಲ್ಯಾಬ್ ಬೇಕೆಂದವರು ಬಹಳ. ಆದರೆ ಕಿರಣ್‌ರಾಜ್ ನಿರ್ದೇಶನದ ಆ ಚಿತ್ರದಲ್ಲಿ ಚಾರ್ಲಿ ತಪ್ಪಿಸಿಕೊಂಡು ಬರುವುದೇ ದುಷ್ಟ ಬ್ರೀಡರ್‌ನ ಕೈಯಿಂದ. ಅದಕ್ಕೆ ಕ್ಯಾನ್ಸರ್ ತಗಲುವುದು ರಕ್ತಸಂಬಂಧದೊಳಗೇ ಮರಿ ಹಾಕಿಸುವ ದಂಧೆಯ ಫಲ. ಅಷ್ಟನ್ನು ಮರೆತು ಕಣ್ಣೀರೊರೆಸಿಕೊಂಡು ಹೋಗಿ ಅಂಥದೇ ಕಡೆ ಮರಿ ಕೊಂಡರೆ ಏನು ಹೇಳುವುದು! 2017ರ ಕೇಂದ್ರದ ನಿಯಮದಂತೆ ಬ್ರೀಡರ್‌ಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ‘ಮೂವತ್ತು ದಿನದ ಮರಿ ಸಾರ್, ಚಿಕ್ಕದಿದ್ದಾಗಲೇ ಹೊಂದಿಕೊಳ್ಳುತ್ತೆ’ ಎಂದವನಿಗೆ ದೂರದಿಂದಲೇ ನಮಸ್ಕಾರ ಹೇಳಿ.

● ಅಲರ್ಜಿ ತರದ ನಾಯಿ ಇದೆಯೇ? ಮಾರುವವರ ಬಾಯಲ್ಲಿದೆ. ಸೀನು, ಕಣ್ಣುರಿ ತರುವುದು ಕೂದಲಲ್ಲ. ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನ್. ಪೂಡಲ್ ಮುಂತಾದ ‘ಅಲರ್ಜಿರಹಿತ’ ತಳಿಗಳ ಮನೆಗಳ ದೂಳನ್ನು ಅಮೆರಿಕದಲ್ಲೂ ನೆದರ್‌ಲ್ಯಾಂಡ್ಸಿನಲ್ಲೂ ಪರೀಕ್ಷಿಸಿದಾಗ ಅಲರ್ಜಿಕಾರಕದ ಪ್ರಮಾಣ ಬೇರೆ ಮನೆಗಳಿಗಿಂತ ಕಡಿಮೆಯಿರಲಿಲ್ಲ. ಮನೆಯಲ್ಲಿ ಉಬ್ಬಸದವರಿದ್ದರೆ ನಾಯಿ ಇರುವ ಗೆಳೆಯರ ಮನೆಯಲ್ಲಿ ನಾಲ್ಕಾರು ದಿನ ಒಂದೆರಡು ಗಂಟೆ ಕೂತು ಬಂದು ನೋಡಿ.

● ಈಗ ಬೆಂಗಳೂರಿನ ಲಿಫ್ಟ್‌ಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಶಿಟ್ಜೂ. ಚೀನಾದ ಅರಮನೆಯಲ್ಲಿ ಬೆಳೆದದ್ದು, ಹೆಚ್ಚು ಬೊಗಳುವುದಿಲ್ಲ, ಸ್ವಲ್ಪ ನಡೆದರೆ ಸುಸ್ತು, ಮಡಿಲು ಸಿಕ್ಕರೆ ಸ್ವರ್ಗ. ಕೂದಲು ಉದುರುವುದೂ ಕಡಿಮೆ. ಹಾಗಾದರೆ ಆ ಕೂದಲು ಹೋಗುವುದೆಲ್ಲಿಗೆ? ಎಲ್ಲಿಗೂ ಹೋಗುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಎರಡು ದಿನ ಬಾಚಣಿಗೆ ಮುಟ್ಟದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ ಜಡೆ ಕಟ್ಟುತ್ತದೆ. ಕೈಯಾಡಿಸಿದರೆ ಬಟಾಣಿ ಗಾತ್ರದ ಗಂಟು ಸಿಗುತ್ತದೆ. ಹಾಗೆಯೇ ಬಿಟ್ಟರೆ ಆ ಗಂಟು ಚರ್ಮವನ್ನೇ ಎಳೆದು ಹುಣ್ಣು ಮಾಡುತ್ತದೆ, ಕೊನೆಗೆ ಇಡೀ ಮೈ ಬೋಳಿಸಬೇಕು. ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಗ್ರೂಮಿಂಗ್ ಖರ್ಚನ್ನು ಹಾಲು, ಪೇಪರಿನ ಲೆಕ್ಕದ ಜೊತೆಗೇ ಬರೆದಿಟ್ಟುಕೊಳ್ಳಿ. ಇದೂ ಚಪ್ಪಟೆ ಮೂತಿಯದೇ, ಹೊಳ್ಳೆಯ ಮಾತು ಇದಕ್ಕೂ ಅನ್ವಯ.

● ‘ಟೀಕಪ್’ ಎಂಬ ತಳಿ ಜಗತ್ತಿನಲ್ಲೇ ಇಲ್ಲ. ಗಿಡ್ಡಗಿದ್ದುದನ್ನು ಇನ್ನಷ್ಟು ಗಿಡ್ಡ ಮಾಡಿ ಇಟ್ಟ ಹೆಸರು ಅದು. ಅಷ್ಟು ಸಣ್ಣ ಮರಿ ಒಂದು ಹೊತ್ತು ಊಟ ತಪ್ಪಿದರೆ ರಕ್ತದ ಸಕ್ಕರೆ ಕುಸಿದು ಬೀಳಬಹುದು. ಸೋಫಾದಿಂದ ಹಾರಿದರೆ ಕಾಲು ಮುರಿಯಬಹುದು.

● ನಿಮ್ಮ ಮನೆಯ ನೆಲಕ್ಕೂ ನಾಯಿಯ ಆಯ್ಕೆಗೂ ಸಂಬಂಧವಿದೆ. ಫಳಫಳ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ಲ್ಯಾಬ್ ಮರಿ ಓಡುವುದನ್ನು ನೋಡಿ: ತಿರುಗುವಾಗ ಹಿಂಗಾಲು ಎರಡೂ ಹೊರಕ್ಕೆ ಜಾರುತ್ತವೆ. ನಮಗೆ ನಗು, ಅದರ ಸೊಂಟದ ಕೀಲಿಗೆ ಪೆಟ್ಟು. ನಾರ್ವೆಯಲ್ಲಿ ಲ್ಯಾಬ್ರಡಾರ್ ಸೇರಿ ನಾಲ್ಕು ದೊಡ್ಡ ತಳಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಸೊಂಟದ ಕೀಲಿನ ದೋಷ ಹೆಚ್ಚಾಗಿಯೂ ಮೆತ್ತನೆಯ ನೆಲದಲ್ಲಿ ಓಡಾಡಿದವಕ್ಕೆ ಕಡಿಮೆಯಾಗಿಯೂ ಕಂಡುಬಂತು. ಹಜಾರಕ್ಕೆ ನಾಲ್ಕು ಹಳೆಯ ಜಮಖಾನೆ ಹಾಸಿದರೆ ಅರ್ಧ ಸಮಸ್ಯೆ ಮುಗಿಯಿತು. ಲಿಫ್ಟಿಲ್ಲದ ಮೂರನೇ ಮಹಡಿಯವರು ಡ್ಯಾಷ್‌ಹುಂಡ್ ತರಬೇಡಿ. ಉದ್ದ ಬೆನ್ನಿನ ಆ ನಾಯಿಗೆ ಬೆನ್ನುಮೂಳೆಯ ಡಿಸ್ಕ್ ಜಾರುವ ಕಾಯಿಲೆ ಸಾಮಾನ್ಯ.

● ಬೆಳೆದ ನಾಯಿ ದಿನಕ್ಕೆ 12ರಿಂದ 14 ಗಂಟೆ ನಿದ್ದೆ, ತೂಕಡಿಕೆಯಲ್ಲಿ ಕಳೆಯುತ್ತದೆ. ಮರಿಯಾದರೆ 18 ಗಂಟೆಯೂ ಉಂಟು. ಹಾಗಾದರೆ ಆಫೀಸಿಗೆ ಹೋಗಿ ಬರಬಹುದಲ್ಲ ಎಂದು ಖುಷಿಪಡಬೇಡಿ. ಮರಿ ಎಷ್ಟು ಹೊತ್ತು ಉಚ್ಚೆ ತಡೆದೀತು ಎಂಬುದಕ್ಕೆ ಒಂದು ಸ್ಥೂಲ ಲೆಕ್ಕವಿದೆ: ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿ, ಅಷ್ಟು ಗಂಟೆ. ಮೂರು ತಿಂಗಳ ಮರಿಗೆ ನಾಲ್ಕು ಗಂಟೆಯೇ ಕಡೆ. ಗಂಡ ಹೆಂಡತಿ ಇಬ್ಬರೂ ಒಂಬತ್ತಕ್ಕೆ ಹೊರಟು ಸಂಜೆ ಏಳಕ್ಕೆ ಬರುವ ಮನೆಗೆ ಯಾವ ತಳಿಯ ಮರಿಯೂ ಸೂಕ್ತವಲ್ಲ, ಪುಸ್ತಕದಲ್ಲಿ ಏನೇ ಬರೆದಿರಲಿ.

● ಇಟಲಿಯ ಟ್ಯೂರಿನ್ ನಗರದಲ್ಲಿ 2005ರಲ್ಲಿ ಬಂದ ನಿಯಮದಂತೆ ದಿನಕ್ಕೆ ಮೂರು ಸಲವಾದರೂ ನಾಯಿಯನ್ನು ಹೊರಗೆ ಸುತ್ತಾಡಿಸದ ಮಾಲೀಕರಿಗೆ 500 ಯೂರೋ ತನಕ ದಂಡ. ನಮ್ಮಲ್ಲೂ ಕಾನೂನು ಇಲ್ಲದಿಲ್ಲ: ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಹೊತ್ತುಗಟ್ಟಲೆ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಬಾಲ್ಕನಿಯ ಗ್ರಿಲ್ಲಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ಕಟ್ಟಿದ ನಾಯಿಗಳನ್ನು ಎಷ್ಟು ಕಡೆ ನೋಡಿಲ್ಲ ನಾವು.

● ‘ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿ ನಿಷೇಧ, ಜನರಲ್ ಬಾಡಿಯಲ್ಲಿ ಪಾಸಾಗಿದೆ’ ಎಂದು ಸೆಕ್ರೆಟರಿ ಹೇಳಿದರೆ? ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ಬಹುಮತವಿದ್ದರೂ ಅಂಥ ನಿಷೇಧ ಹೇರುವಂತಿಲ್ಲ. ಗಾತ್ರ, ತಳಿಯ ನೆಪ ಹೇಳುವಂತಿಲ್ಲ. ನಾಯಿಯೊಂದಿಗೆ ಲಿಫ್ಟ್ ಹತ್ತಬೇಡಿ ಎನ್ನುವುದೂ ಅದಕ್ಕೆಂದು ಪ್ರತ್ಯೇಕ ಶುಲ್ಕ ಕೇಳುವುದೂ ತಪ್ಪು. ಹಾಗಂತ ಲಿಫ್ಟಿನಲ್ಲಿ ಹೆದರಿ ಮೂಲೆ ಸೇರಿದ ಮಗುವನ್ನು ನೋಡಿಯೂ ‘ಏನೂ ಮಾಡಲ್ಲ ಬಾ ಪುಟ್ಟಾ’ ಎನ್ನುತ್ತ ಒಳನುಗ್ಗುವುದು ಹಕ್ಕಲ್ಲ. ಮುಂದಿನ ಲಿಫ್ಟಿಗೆ ಕಾಯಲು ಒಂದೇ ನಿಮಿಷ ಸಾಕು. ನಾಯಿ ಹೊಲಸು ಮಾಡಿದ ಕಡೆ ಹೌಸ್‌ಕೀಪಿಂಗ್‌ನ ಅಕ್ಕನೇ ಬಂದು ಬಾಚಲಿ ಎಂದು ಕಾಯುವವರಿಂದಲೇ ಅರ್ಧ ಜಗಳ ಹುಟ್ಟುವುದು.

● 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಅದೂ ಪಟ್ಟಿಯಲ್ಲಿರುವ ತಳಿ ಮಾತ್ರ ಎಂಬ ನಿಯಮ ತಂದು, ಪ್ರತಿಭಟನೆಯ ಬಿಸಿಗೆ ಅದನ್ನು ತಡೆಹಿಡಿಯಬೇಕಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಸೇರಿದಂತೆ 23 ತಳಿಗಳ ಮೇಲೆ ಹೊರಡಿಸಿದ ನಿಷೇಧದ ಸುತ್ತೋಲೆಯನ್ನು ಮರುತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದುಪಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂಬುದು ಒಂದು ಕಾರಣ. ಕೋರ್ಟು ಒಪ್ಪಿತೆಂಬ ಮಾತ್ರಕ್ಕೆ ರಾಟ್‌ವೈಲರ್ ಫ್ಲ್ಯಾಟಿನ ನಾಯಿ ಆಗಿಬಿಡಲಿಲ್ಲ.

● ಬೇರೆ ಊರುಗಳ ಕಥೆ ಕೇಳಿ. ಬೀಜಿಂಗ್ ನಗರದ ಮುಖ್ಯ ಭಾಗಗಳಲ್ಲಿ ಮನೆಗೊಂದೇ ನಾಯಿ, ಎತ್ತರ 35 ಸೆಂಟಿಮೀಟರ್ ಮೀರಬಾರದು. ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ 1924ರಿಂದ 60 ವರ್ಷ ನಾಯಿ ಸಾಕುವುದಕ್ಕೇ ನಿಷೇಧವಿತ್ತು. ನಾಯಿಯಿಂದ ಮನುಷ್ಯರಿಗೆ ದಾಟುವ ಲಾಡಿಹುಳದ ಭಯ ಅದಕ್ಕೆ ಕಾರಣ. ಬಹುಪಾಲು ಜನ ಸರ್ಕಾರಿ ಫ್ಲ್ಯಾಟ್‌ಗಳಲ್ಲೇ ವಾಸಿಸುವ ಸಿಂಗಪುರದಲ್ಲಿ ಒಂದು ಮನೆಗೆ ಪಟ್ಟಿಯಲ್ಲಿರುವ ಸಣ್ಣ ತಳಿಯ ಒಂದು ನಾಯಿ. 2012ರಿಂದ ಅಲ್ಲಿನ ಬೀದಿನಾಯಿಗಳಿಗೂ ಷರತ್ತಿನ ಪ್ರವೇಶ. ತಮಾಷೆಯೆಂದರೆ ಅದೇ ಫ್ಲ್ಯಾಟ್‌ಗಳಲ್ಲಿ ಬೆಕ್ಕಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ.

● ನಾಯಿಯ ಮೈಮೇಲಿನ ಕಂದು ಉಣ್ಣೆ ಹುಳುವಿಗೆ ಹುಲ್ಲು, ಪೊದೆ ಏನೂ ಬೇಕಿಲ್ಲ. ಮೊಟ್ಟೆಯಿಂದ ಹಿಡಿದು ಇಡೀ ಜೀವನಚಕ್ರವನ್ನು ಮನೆಯೊಳಗೇ, ಗೋಡೆಯ ಬಿರುಕು, ಪರದೆಯ ಮಡಿಕೆಯಲ್ಲೇ ಮುಗಿಸಬಲ್ಲ ಅಪರೂಪದ ಉಣ್ಣೆ ಅದು. ಹತ್ತನೇ ಮಹಡಿ, ಇಲ್ಲೆಲ್ಲಿಯ ಉಣ್ಣೆ ಎಂದು ಔಷಧಿ ತಪ್ಪಿಸಿದವರೇ ಟಿಕ್ ಫೀವರ್ ಬಂದ ನಾಯಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವುದು. ಹಾಗೆಯೇ ಅಪಾರ್ಟ್‌ಮೆಂಟ್ ತೋಟಗಳಲ್ಲಿ ಅಂದಕ್ಕೆ ನೆಟ್ಟಿರುವ, ತೆಂಗಿನ ಕುಬ್ಜ ತಮ್ಮನಂತಿರುವ ಸೈಕಸ್ ಗಿಡ ನಾಯಿಗಳಿಗೆ ಕಡು ವಿಷ. ಒಂದೆರಡು ಬೀಜ ಸಾಕು, ಯಕೃತ್ತು ಕೈಕೊಡಲು. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ಮರಿ ತರುವ ಮುನ್ನ ಕೆಳಗಿಳಿದು ತೋಟವನ್ನು ಒಮ್ಮೆ ನೋಡಿ ಬನ್ನಿ.

● ಫ್ಲ್ಯಾಟಿಗೆ ನನ್ನ ಮೊದಲ ಮತ ಯಾವುದಕ್ಕೆ? ಒಂದೂವರೆ, ಎರಡು ವರ್ಷ ದಾಟಿದ ನಾಡನಾಯಿಗೆ. ಗಿಡ್ಡ ಕೂದಲು, ಉದ್ದ ಮೂತಿ, ಹದವಾದ ಮೈಕಟ್ಟು, ಬಿಸಿಲು ಮಳೆಗೆ ತಲೆಮಾರುಗಳಿಂದ ಒಗ್ಗಿದ ದೇಹ. ಮರಿಗಿಂತ ಬೆಳೆದ ನಾಯಿಯೇ ಏಕೆಂದರೆ ಅದು ಎಷ್ಟು ದೊಡ್ಡದಾಗುತ್ತದೆ, ಎಷ್ಟು ಬೊಗಳುತ್ತದೆ, ಮಕ್ಕಳನ್ನು ಕಂಡರೆ ಏನು ಮಾಡುತ್ತದೆ ಎಂಬುದೆಲ್ಲ ಮೊದಲೇ ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳಲ್ಲಿ ಇಂಥ ನಾಯಿಗಳು ಮನೆಗಾಗಿ ಕಾದಿವೆ. ಅಲ್ಲಿಗೆ ಮನೆಯವರೆಲ್ಲರೂ ಹೋಗಿ. ನಾಯಿಯನ್ನು ಅರ್ಧ ಗಂಟೆ ನಡೆಸಿ, ಸುಮ್ಮನೆ ಪಕ್ಕದಲ್ಲಿ ಕೂತು ನೋಡಿ.

● ಮರಿಯೇ ಬೇಕೆನ್ನುವವರಿಗೆ: ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳಿಂದ ತಿಳಿದದ್ದೇನೆಂದರೆ ಮರಿಯ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ದಿನಗಳಲ್ಲಿ ಕಂಡದ್ದು, ಕೇಳಿದ್ದು ಜೀವನಪೂರ್ತಿ ಪರಿಚಿತವಾಗಿ ಉಳಿಯುತ್ತದೆ. ಮರಿ ಎಂಟನೇ ವಾರಕ್ಕೆ ಮನೆಗೆ ಬಂದರೆ ನಿಮಗೆ ಉಳಿಯುವುದು ಒಂದು ತಿಂಗಳು. ಕುಕ್ಕರಿನ ಸೀಟಿ, ಮಿಕ್ಸಿ, ಲಿಫ್ಟಿನ ಬಾಗಿಲು, ಜನರೇಟರು, ಮೇಲಿನ ಮನೆಯ ಡ್ರಿಲ್ಲಿಂಗ್, ರೇನ್‌ಕೋಟು ತೊಟ್ಟ ಡೆಲಿವರಿ ಹುಡುಗ, ಗಾಲಿಕುರ್ಚಿಯ ಅಜ್ಜ, ಎಲ್ಲದರ ಪರಿಚಯ ಅಷ್ಟರೊಳಗೆ ಆಗಲಿ. ಲಸಿಕೆ ಮುಗಿಯುವ ತನಕ ನೆಲಕ್ಕಿಳಿಸದೆ ಎತ್ತಿಕೊಂಡೇ ತೋರಿಸಿ.

● ಜೆಕ್ ಮತ್ತು ಜರ್ಮನ್ ವಿಜ್ಞಾನಿಗಳ 2013ರ ಅಧ್ಯಯನವೊಂದರ ಪ್ರಕಾರ ಭೂಕಾಂತಕ್ಷೇತ್ರ ಶಾಂತವಾಗಿರುವಾಗ ನಾಯಿಗಳು ಉತ್ತರ ದಕ್ಷಿಣವಾಗಿ ನಿಂತು ಮಲ ವಿಸರ್ಜಿಸಲು ಇಷ್ಟಪಡುತ್ತವೆ. ಮರುವರ್ಷ ಇದಕ್ಕೆ ಇಗ್ ನೊಬೆಲ್ ಸಿಕ್ಕಿತು. ಮಳೆಯಲ್ಲಿ ಛತ್ರಿ ಹಿಡಿದು ನೀವು ಕಾಯುತ್ತಿರುವಾಗ ಅದು ಸುತ್ತಿದ್ದೇ ಸುತ್ತುವುದಕ್ಕೆ ವಾಸ್ತು ಕಾರಣವೆಂದು ತಿಳಿಯಿರಿ.

● ಬಾಡಿಗೆ ಕರಾರು 11 ತಿಂಗಳಿಗೇ ಏಕೆ ಬರೆಯುತ್ತಾರೆ? ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕು, ಅದನ್ನು ತಪ್ಪಿಸಲು. ಸಣ್ಣ, ಮಧ್ಯಮ ಗಾತ್ರದ ನಾಯಿಯ ಆಯಸ್ಸು ಹನ್ನೆರಡರಿಂದ ಹದಿನೈದು ವರ್ಷ. ಅಂದರೆ ಬಾಡಿಗೆಯವರ ಮಟ್ಟಿಗೆ ಒಂದು ನಾಯಿಗೆ ಹತ್ತಾರು ಕರಾರು, ಮೂರೋ ನಾಲ್ಕೋ ಮನೆ, ಅಷ್ಟೇ ಮಂದಿ ಮಾಲೀಕರು. ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಅಸೋಸಿಯೇಷನ್ನಿನ ಬಾಯಿ ಮುಚ್ಚಿಸಬಹುದು. ಕರಾರಿನಲ್ಲಿ ‘ಸಾಕುಪ್ರಾಣಿ ಇಟ್ಟುಕೊಳ್ಳತಕ್ಕದ್ದಲ್ಲ’ ಎಂಬ ಸಾಲಿಗೆ ನೀವೇ ಸಹಿ ಹಾಕಿದ್ದರೆ ಕಥೆ ಬೇರೆ. ಆ ಸಾಲನ್ನು ಹುಡುಕಿ ಹೊಡೆಸಿಹಾಕಿ, ಅದರ ಜಾಗದಲ್ಲಿ ನಾಯಿ ಇರಲು ಒಪ್ಪಿಗೆಯಿದೆ ಎಂದು ಬರೆಸಿ, ಅಡ್ವಾನ್ಸ್ ಕೊಡುವುದು ಆಮೇಲೆ. ಮಾಲೀಕರು ಬಾಯಿಮಾತಿನಲ್ಲಿ ‘ಇರ್ಲಿ ಬಿಡಿ, ಅದಕ್ಕೇನಂತೆ’ ಅಂದದ್ದನ್ನು ಅವರ ಅಳಿಯ ನೆನಪಿಟ್ಟುಕೊಳ್ಳುವುದಿಲ್ಲ.